ಗೋಡೆಗೆ ಪರದೆ ಹಾಕಿದ ಹೋಟೆಲು

ಆನೆ ಬರುತ್ತದೆಂದು ಚೀನಾದ ಹೋಟೆಲಿನಲ್ಲಿ ಕಿಟಕಿ ಮುಚ್ಚಲು ಹೋದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮತ್ತೆ.

ಅತ್ತೆಯದು ಜವಳಗಿರಿ, ತಮಿಳುನಾಡಿನ ಗಡಿಯೊಳಗೆ ಕಾಡಂಚಿನ ಕನ್ನಡದೂರು. ಹೊತ್ತು ಮುಳುಗುತ್ತಿದ್ದಂತೆ ಕಿಟಕಿ ಬಾಗಿಲು ಭದ್ರ ಮಾಡುವುದು ಅಲ್ಲಿನ ಪದ್ಧತಿ. ಒಳಗಿನ ರಾಗಿ ವಾಸನೆ ಹೊರಗೆ ಹೋದರೆ ಆನೆಯನ್ನು ಊಟಕ್ಕೆ ಕರೆದಂತೆ. ಹೊಸೂರಿನ ನಮ್ಮ ಮನೆಗೆ ಬಂದರೂ ಸಂಜೆ ಒಂದು ಸುತ್ತು ಹೊಡೆದು ಎಲ್ಲ ಕಿಟಕಿ ಮುಚ್ಚುತ್ತಾರೆ. (ಇಲ್ಲಿಗೆಲ್ಲಿ ಆನೆ ಬರುತ್ತೆ ಎಂದು ನಾನು ವಾದಿಸುತ್ತಿದ್ದೆ. ಸಾನಮಾವಿನ ಕಾಡಿನಿಂದ ಒಂದು ಹಿಂಡು ಹೆದ್ದಾರಿಗೇ ಬಂದು ನಿಂತ ಮೇಲೆ ಸುಮ್ಮನಾದೆ.)

ನನ್ನ ಗಂಡ ಕೆಲಸ ಮಾಡುವ ಫ್ಯಾಕ್ಟರಿ ಅವರನ್ನು ಹೊಸ ಮೆಷಿನ್ನಿನ ಟ್ರೈನಿಂಗಿಗೆ ಚೀನಾಕ್ಕೆ ಕಳಿಸಿತ್ತು. ಅದು ಮುಗಿಯುವ ಹೊತ್ತಿಗೆ ನಾನು, ಮಗಳು, ಅತ್ತೆ ಹೋಗಿ ಸೇರಿಕೊಂಡೆವು. ಸಣ್ಣ ಹೋಟೆಲು. ಬುಕಿಂಗ್ ಆ್ಯಪ್‌ನ ಫೋಟೊದಲ್ಲಿ ಗೋಡೆಯುದ್ದಕ್ಕೂ ಚೆಂದದ ಪರದೆ ಇತ್ತು. ಅದರ ಹಿಂದೆ ನದಿ ಇರಬಹುದೆಂದು ನಾವೇ ಊಹಿಸಿಕೊಂಡಿದ್ದೆವು.

ಸಂಜೆ ರೂಮಿಗೆ ಕಾಲಿಟ್ಟ ಕೂಡಲೇ ಅತ್ತೆಗೆ ಬ್ಯಾಗಿನಲ್ಲಿದ್ದ ರಾಗಿ ಹಿಟ್ಟಿನ ನೆನಪಾಯಿತು. ನೇರ ಹೋಗಿ ಪರದೆ ಸರಿಸಿದರು. ಗೋಡೆ!

"ಇದ್ಯಾಕ್ಲಾ, ಗೋಡೆಗೆ ಸೀರೆ ಉಡ್ಸವ್ರೆ?"

"ಕಿಟಕಿ ಇಲ್ದಿರೋ ರೂಮಿಗೆ ರೇಟು ಕಮ್ಮಿಯಂತೆ ಕಣವ್ವ. ನಾನು ಸರಿಯಾಗಿ ನೋಡ್ಲಿಲ್ಲ," ಎಂದರು ನನ್ನ ಗಂಡ.

"ಹೋಗ್ಲಿ ಬುಡು. ಆನೆ ಕಾಟ ತಪ್ತು."

ಎಲ್ಲರೂ ನಕ್ಕೆವು. ಬಾತ್‌ರೂಮ್ ನೋಡಿದ ಮೇಲೆ ನಗು ನಿಂತಿತು. ಅದಕ್ಕೆ ಗಾಜಿನ ಗೋಡೆ. ಕಿಟಕಿ ಇರಬೇಕಾದಲ್ಲಿ ಗೋಡೆ, ಗೋಡೆ ಇರಬೇಕಾದಲ್ಲಿ ಗಾಜು. ಹೀಗೇಕೆ ಕಟ್ಟುತ್ತಾರೆ? ನನಗೆ ಇವತ್ತಿಗೂ ಕುತೂಹಲವಿದೆ.

ನಿಜವಾದ ಪೇಚು ಶುರುವಾದದ್ದು ಬೆಳಗ್ಗೆ. ನಮ್ಮತ್ತೆ ಸೂರ್ಯನಿಗೆ ಕೈಮುಗಿಯದೆ ಹನಿ ಕಾಫಿಯನ್ನೂ ಮುಟ್ಟುವವರಲ್ಲ. ಮೇಲಾಗಿ ಶುಗರ್ ಇದೆ. ಹೊಟ್ಟೆಗೆ ಏನಾದರೂ ಬೀಳದೆ ಮಾತ್ರೆ ನುಂಗುವಂತಿಲ್ಲ. ಉಪವಾಸ ಕೂತರೆ ಕೈ ನಡುಗುತ್ತದೆ.

ರೂಮಿಗೆ ಕಿಟಕಿಯಿಲ್ಲ, ಹೊರಗೆ ಬೀದಿಯಲ್ಲಿ ಆಕಾಶ ಮುಚ್ಚುವಷ್ಟು ಎತ್ತರದ ಕಟ್ಟಡಗಳು. ಕೌಂಟರಿಗೆ ಓಡಿದೆವು. ಅಲ್ಲಿದ್ದ ಹೆಂಗಸಿನ ಫೋನಿನಲ್ಲಿ ಮಾತನ್ನು ಅನುವಾದಿಸುವ ಆ್ಯಪ್ ಇತ್ತು. ಅದಕ್ಕೆ ಕನ್ನಡ ಬರಲಿಲ್ಲ, ತಮಿಳು ಬಂತು. ಜವಳಗಿರಿಯವರಿಗೆ ತಮಿಳೇನು ಕಷ್ಟವೇ? ಅತ್ತೆ ಫೋನಿಗೆ ಬಾಯಿಟ್ಟು, ಸೂರ್ಯನನ್ನು ನೋಡಬೇಕು ಎಂದರು. ಆಕೆ ಕೇಳಿಸಿಕೊಂಡು, ಇನ್ನೊಮ್ಮೆ ಕೇಳಿಸಿಕೊಂಡು, ತಿರುಗಿ ಪ್ರಶ್ನೆ ಹಾಕಿದಳು. ನೋಡದಿದ್ದರೆ ಏನಾಗುತ್ತದೆ?

ನಾನು ಕಿವಿ ನೆಟ್ಟಗೆ ಮಾಡಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಕೇಳಬೇಕೆಂದುಕೊಂಡು ಬಾಯಿಗೆ ಬರದೆ ಹೋದ ಪ್ರಶ್ನೆ ಅದು!

ಅತ್ತೆ ಯೋಚಿಸಿ ತಮಿಳಿನಲ್ಲೇ ಉತ್ತರ ಕೊಟ್ಟರು. ಏನೂ ಆಗುವುದಿಲ್ಲ, ನೋಡಬೇಕು ಅಷ್ಟೆ.

ಆಕೆಗೆ ಇದು ಸರಿ ಅನ್ನಿಸಿತೋ ಏನೋ, ಲಿಫ್ಟಿನಲ್ಲಿ ಕರೆದುಕೊಂಡು ಹೋಗಿ ತಾರಸಿಯ ಬಾಗಿಲು ತೆಗೆದಳು. ಒಣಹಾಕಿದ ಬೆಡ್‌ಶೀಟುಗಳು. ಮೇಲೆ ಬೂದುಬಣ್ಣದ ಮೋಡ. ಸೂರ್ಯನ ಸುಳಿವಿಲ್ಲ. ಅತ್ತೆ ಅಲ್ಲೇ ಕೂತುಬಿಟ್ಟರು. ಬೆರಳು ಸಣ್ಣಗೆ ನಡುಗತೊಡಗಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಭಾಷೆ ಗೊತ್ತಿಲ್ಲದ ಊರಿನಲ್ಲಿ ಆಸ್ಪತ್ರೆ ಎಲ್ಲಿ ಹುಡುಕುವುದು?

ಉಪಾಯ ಹೊಳೆದದ್ದು ಮಗಳಿಗೆ. "ಅಜ್ಜಿ, ನಮ್ಮೂರಲ್ಲಿ ಈಗ ತಾನೇ ಬೆಳಗಾಗ್ತಿರುತ್ತೆ!" ಎಂದವಳೇ ಜವಳಗಿರಿಗೆ ವಿಡಿಯೊ ಕಾಲ್ ಮಾಡಿದಳು. ಅತ್ತೆಯ ಓರಗಿತ್ತಿ ಅಂಗಳಕ್ಕೆ ಬಂದು ಫೋನನ್ನು ಮೂಡಲಿಗೆ ಹಿಡಿದರು. ಹುಣಸೆ ಮರದ ಸಂದಿಯಲ್ಲಿ ಸೂರ್ಯ ಕೆಂಪಗೆ ಕಂಡ.

"ಫೋನಾಗಿರೋನಿಗೆಲ್ಲ ಕೈಮುಗಿಯಾಕಾಯ್ತದಾ?" ಅತ್ತೆ ಒಪ್ಪಲಿಲ್ಲ. ಆಮೇಲೆ ಅವರೇ ಲೆಕ್ಕ ಹಾಕಿದರು. "ಅಲ್ಲಿ ಈಗ ಬತ್ತಾವ್ನೆ ಅಂದ್ರೆ ಇಲ್ಲಿಗೆ ಆಗ್ಲೇ ಬಂದವ್ನೆ. ಮೋಡದ ಹಿಂದೆ ಅವ್ನೆ, ನಂಗೇ ಕಾಣ್ಲಿಲ್ಲ. ಅಲ್ವೇನಮ್ಮಿ?"

ನಾನು ಜೋರಾಗಿ ತಲೆಯಾಡಿಸಿದೆ. ಅತ್ತೆ ಮೋಡದತ್ತ ಕೈಮುಗಿದರು. ಕಾಫಿ ಒಳಗೆ ಹೋಯಿತು, ಹಿಂದೆಯೇ ಮಾತ್ರೆ. ನನ್ನ ಜೀವ ತಣ್ಣಗಾಯಿತು.

ಮರುದಿನ ಬೆಳಗ್ಗೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಕೌಂಟರಿನ ಹೆಂಗಸು, ಏದುಸಿರು ಬಿಡುತ್ತಾ. ಕೈಯಲ್ಲಿದ್ದ ಫೋನು ಪಠ್ಯಪುಸ್ತಕದಂಥ ತಮಿಳಿನಲ್ಲಿ ಹೇಳಿತು: ಮೋಡ ಸರಿದಿದೆ, ಅಜ್ಜಿಯನ್ನು ಬೇಗ ಕರೆಯಿರಿ.

ಅತ್ತೆ ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದರು.

ರೂಮು ಖಾಲಿ ಮಾಡುವಾಗ ನನ್ನ ಗಂಡ ಆ್ಯಪ್‌ನಲ್ಲಿ ರಿವ್ಯೂ ಹಾಕುತ್ತಿದ್ದರು. ರೂಮು ಕೆಟ್ಟದು. ಬಾತ್‌ರೂಮ್ ಕೆಟ್ಟದು. ತಿಂಡಿ ಸಪ್ಪೆ. ಒಂದೂ ಸುಳ್ಳಲ್ಲ.

"ಆಯಮ್ಮ ಬಂದು ಎಬ್ಬಿಸಿದ್ದು ಹಾಕಿದ್ಯೇನ್ಲಾ?" ಅತ್ತೆ ಕೇಳಿದರು.

"ಅದಕ್ಕೆ ಇದ್ರಲ್ಲಿ ಜಾಗ ಇಲ್ಲ ಕಣವ್ವ."

ಅದಕ್ಕೇ ಇಲ್ಲಿ ಬರೆದೆ.