ನಾಯಿಗೊಬ್ಬ ಒಡೆಯನನ್ನು ಹುಡುಕುವ ಧೂಳಪ್ಪ

ಬೆಳಗಿನ ಆರು ಗಂಟೆ. ಶೇಡಬಾಳದ ಆಚೆ ತೋಟದ ಮನೆಗಳ ವಸ್ತಿಯೊಂದರಲ್ಲಿ ಧೂಳಪ್ಪ ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಒಂದು ಕೈಯಲ್ಲಿ ತಂಗಳ ರೊಟ್ಟಿಯ ಚೂರು, ಬೆನ್ನ ಹಿಂದಿನ ಕೈಯಲ್ಲಿ ಸಿರಿಂಜು. ಕಂದು ನಾಯಿ ರೊಟ್ಟಿಗೆ ಬಾಯಿ ಹಾಕುವಷ್ಟರಲ್ಲಿ ಕತ್ತಿನ ಚರ್ಮ ಹಿಡಿದು ಸೂಜಿ ಚುಚ್ಚಿ ತೆಗೆಯುತ್ತಾರೆ. ನಾಯಿ ಇನ್ನೂ ರೊಟ್ಟಿ ಅಗಿಯುತ್ತಲೇ ಇದೆ.

ಕಷ್ಟದ ಕೆಲಸ ಇನ್ನು ಮುಂದಿದೆ. ಧೂಳಪ್ಪ ಜೇಬಿನಿಂದ ನೋಟಬುಕ್ಕು ತೆಗೆದು, ದ್ರಾಕ್ಷಿ ತೋಟದ ಮಾಲೀಕ ಮಲ್ಲೇಶ ಅವರನ್ನು ಕೇಳುತ್ತಾರೆ: "ಯಾರ ಹೆಸರ ಬರೀಲಿ?"

"ಏ, ನಮ್ಮದಲ್ಲ ಬಿಡೋ ಧೂಳಪ್ಪಾ. ಸುಮ್ನ ಬಂದ ಬಿದ್ದಿರತೈತಿ. ಒಂದ ತುತ್ತ ಹಾಕ್ತೇವಿ, ಅಷ್ಟ."

ಸುಮ್ಮನೆ ಬಂದು ಬಿದ್ದ ಆ ನಾಯಿ ಮಲ್ಲೇಶರ ಚಪ್ಪಲಿಯ ಮೇಲೆ ಗದ್ದ ಊರಿ ಬಾಲ ಆಡಿಸುತ್ತದೆ. ಮಲ್ಲೇಶರ ಹೆಂಡತಿ ನೀಲಮ ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಧೂಳಪ್ಪ ನಗುವುದಿಲ್ಲ. ಒಡೆಯನ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದು, ಲಸಿಕೆ ಇಟ್ಟ ಐಸಿನ ಡಬ್ಬಿ ಹೆಗಲಿಗೇರಿಸಿ ಮುಂದಿನ ತೋಟಕ್ಕೆ ಮೊಪೆಡ್ ತಿರುಗಿಸುತ್ತಾರೆ.

ಐವತ್ತೆರಡು ವರ್ಷದ ಧೂಳಪ್ಪ ಪಶು ಆಸ್ಪತ್ರೆಯ ದಿನಗೂಲಿ ಸಹಾಯಕ. ಒಂಬತ್ತು ವರ್ಷದಿಂದ ಆರು ಊರುಗಳ ನಾಯಿಗಳಿಗೆ ಹುಚ್ಚು ರೋಗ ಬಾರದಂತೆ ಲಸಿಕೆ ಹಾಕುತ್ತಿದ್ದಾರೆ. ಚುಚ್ಚಲು ಕಲಿಸಿದವರು ಅಲ್ಲಿನ ಡಾಕ್ಟರು. ಒಂದು ಬಾಟಲಿಯಲ್ಲಿ ಹತ್ತು ನಾಯಿಗಾಗುವಷ್ಟು ಔಷಧ, ಒಮ್ಮೆ ತೆರೆದರೆ ಅಂದೇ ಮುಗಿಯಬೇಕು. ಬಿಸಿಲೇರಿದರೆ ನಾಯಿಗಳು ಕಬ್ಬಿನ ಹೊಲ ಹೊಕ್ಕು ಕೈಗೆ ಸಿಗುವುದಿಲ್ಲ. ಹೀಗಾಗಿ ಹೊತ್ತು ಮೂಡುವ ಮೊದಲೇ ಮನೆ ಬಿಡುತ್ತಾರೆ. ಅವರ ಎರಡೂ ಮೊಳಕೈಯ ಕೆಳಗೆ ಹಲ್ಲಿನ ಗುರುತುಗಳಿವೆ. ಎಷ್ಟು ಎಂದು ಕೇಳಿದರೆ, "ಎಣಿಸಿಲ್ಲರಿ" ಎನ್ನುತ್ತಾರೆ.

ಎಣಿಸಿರುವುದು ಬೇರೆ. ಕಳೆದ ವರ್ಷ ಲಸಿಕೆ ಹಾಕಿದ ನಾಯಿಗಳು ಸಾವಿರದ ನೂರಾ ಎಂಬತ್ತು. ಅದರಲ್ಲಿ ಒಡೆಯರು ಹೆಸರು ಕೊಟ್ಟಿದ್ದು ಇನ್ನೂರಾ ಹನ್ನೆರಡಕ್ಕೆ. ಉಳಿದ ನಾಯಿಗಳು ತೋಟ ಕಾಯುತ್ತವೆ, ಕುರಿ ಕಾಯುತ್ತವೆ, ಮನೆಯ ಮಕ್ಕಳ ಜೊತೆ ಆಡುತ್ತವೆ, ಆದರೆ ಯಾರವೂ ಅಲ್ಲ.

ಯಾಕೆಂದರೆ ಈ ಕಡೆ ನಾಯಿ ಕಚ್ಚಿತು ಎಂದರೆ ಒಡೆಯ ಮೊದಲು ಓಡುವುದು ಅದರ ಕೊರಳ ಬೆಲ್ಟು ಕತ್ತರಿಸಲು. ಬೆಲ್ಟು ಹೋಯಿತೆಂದರೆ ನಾಯಿ ಬೀದಿಯದಾಯಿತು, ಕೇಳುವವರಿಲ್ಲ. ಇದು ಧೂಳಪ್ಪನವರಿಗೆ ಯಾರೋ ಹೇಳಿಕೊಟ್ಟ ಮಾತಲ್ಲ.

"ನಾನೂ ಕತ್ತರಿಸೇನ್ರಿ," ಎಂದು ಅವರು ನೆಲ ನೋಡುತ್ತಾ ಹೇಳುತ್ತಾರೆ. "ಮೋತಿ ಅಂತ ನಮ್ಮ ನಾಯಿ."

ಹದಿಮೂರು ವರ್ಷದ ಹಿಂದಿನ ಮಾತು. ಪಕ್ಕದ ಮನೆಯ ಮಮತಾಜರ ಮಗಳು ಫರಹತಳಿಗೆ ಆಗ ಏಳು ವರ್ಷ. ಕೊಟ್ಟ ಪಾತ್ರೆ ಮರಳಿಸಲು ಬಂದ ಹುಡುಗಿಯ ಮೀನಖಂಡಕ್ಕೆ ಮೋತಿ ಬಾಯಿ ಹಾಕಿತು. ಹುಡುಗಿಯ ಕೂಗು ಕೇಳಿದ ಧೂಳಪ್ಪ ದ್ರಾಕ್ಷಿ ಕಡ್ಡಿ ಸವರುವ ಕತ್ತರಿ ಹಿಡಿದು ಓಡಿದ್ದು ನಾಯಿಯ ಕಡೆಗೆ. ಬೆಲ್ಟು ಬಾವಿಗೆ ಹೋಯಿತು. ಜನ ಬಡಿಗೆ ಹಿಡಿದು ಬಂದಾಗ ಮೋತಿ ಹೆದರಿ ಧೂಳಪ್ಪನವರ ಮನೆಯೊಳಗೇ ನುಗ್ಗಿ, ಅವರು ಮಲಗುವ ಹೊರಸಿನ ಕೆಳಗೆ ಅಡಗಿತು. ಧೂಳಪ್ಪ ಬಾಗಿಲಲ್ಲಿ ನಿಂತು "ನಮ್ಮದಲ್ಲ, ಎಳಕೊಂಡ ಹೋಗ್ರಿ" ಎಂದರು. ಅದು ಯಾರ ನಾಯಿಯೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ನಾಳೆ ಅವರವರ ನಾಯಿಯೂ ಕಚ್ಚೀತು.

ಮಿರಜಿನ ಡಾಕ್ಟರು ಮೊದಲ ಇಂಜೆಕ್ಷನ್ ಕೊಟ್ಟು ಕೇಳಿದರು: ನಾಯಿ ಯಾರದು? ಲಸಿಕೆ ಹಾಕಿಸಿದ್ದಾರೆಯೇ? ಹತ್ತು ದಿನ ಕಟ್ಟಿ ನೋಡಲು ಆಗುತ್ತದೆಯೇ? ಒಡೆಯರೇ ನಮ್ಮದಲ್ಲ ಎಂದಿದ್ದರು, ನಾಯಿಯನ್ನು ಬಡಿದು ಕೊಂದಾಗಿತ್ತು. ಇಂಜೆಕ್ಷನ್ನುಗಳೆಲ್ಲ ಮುಗಿದರೂ ತಾಯಿಯ ಭಯ ಮುಗಿಯಲಿಲ್ಲ. ಹುಚ್ಚು ಏರಿದವರು ನೀರಿಗೆ ಹೆದರುತ್ತಾರೆಂದು ಕೇಳಿದ್ದ ಅವರು ದಿನಾ ಬೆಳಿಗ್ಗೆ ಮಗಳನ್ನು ಅಂಗಳದಲ್ಲಿ ಕೂರಿಸಿ, ಒಂದು ಲೋಟ ನೀರು ಕೊಟ್ಟು, ಗಂಟಲು ನೋಡುತ್ತಿದ್ದರು. ಹಾಗೆ ಆರು ತಿಂಗಳು.

"ಎರಡೂ ಮನಿ ನಡುವಿನ ಗ್ವಾಡಿ ಈಚೆ ನಿಂತ ನೋಡ್ತಿದ್ನಿರಿ. ಆಕಿ ಗುಟುಕ ನುಂಗೂತನಕ ನನಗ ಉಸರ ಬರ್ತಿದ್ದಿಲ್ಲ. ಮೋತಿ ಚಲೋನ ಇತ್ತು, ನಾನ ಸೂಜಿ ಹಾಕಿಸಿದ್ನಿ, ಹೆದರಬ್ಯಾಡ ಅಂತ ಒಂದ ಮಾತ ಹೇಳಿದ್ರ ಆಗ್ತಿತ್ತು. ಹೇಳಲಿಲ್ಲ. ನಾಚಿಕಿ ಆಗತೈತ್ರಿ, ಈಗೂ."

ಬರುವ ವಾರ ಗ್ರಾಮಸಭೆ. ಧೂಳಪ್ಪ ಒಂದು ಅರ್ಜಿ ಬರೆದಿದ್ದಾರೆ. ಸಾಕುವ ಪ್ರತಿ ನಾಯಿಗೆ ಒಡೆಯನ ಹೆಸರಿರಬೇಕು, ವರ್ಷಕ್ಕೊಮ್ಮೆ ಲಸಿಕೆ ಆಗಬೇಕು, ಕಚ್ಚಿದರೆ ಒಡೆಯ ಮುಂದೆ ಬರಬೇಕು, ಬಡಿದು ಕೊಲ್ಲುವವರಿಗೂ ಬೀದಿಗೆ ಬಿಡುವವರಿಗೂ ಶಿಕ್ಷೆಯಾಗಬೇಕು. ಕಾಗದದ ಮೇಲೆ ಏನೇ ನಿಯಮವಿರಲಿ, ವಸ್ತಿಗೆ ಬಂದು ಅದನ್ನು ಪಾಲಿಸಿದ್ದೀರಾ ಎಂದು ಕೇಳಿದವರನ್ನು ಅವರು ಕಂಡಿಲ್ಲ. ಕೇಳುವಂಥ ಕಾಯ್ದೆ ಬೇಕೆಂದು ಮೇಲಿನವರಿಗೆ ಬರೆಯಲು ಸಭೆಯ ಒಪ್ಪಿಗೆ ಬೇಕು. ಕಚ್ಚಿಸಿಕೊಂಡ ಮನೆಯವರ ಸಹಿ ಇದ್ದರೆ ತೂಕ ಬರುತ್ತದೆ ಎಂದಿದ್ದಾರೆ ಪಂಚಾಯತಿಯವರು. ಆ ಸಹಿಗಾಗಿ ಧೂಳಪ್ಪ ಮೂರು ಸಲ ಮಮತಾಜರ ಬಾಗಿಲ ತನಕ ಹೋಗಿ ಮರಳಿದ್ದಾರೆ.

ಇಂದು ಒಳಗೆ ಹೋಗುತ್ತಾರೆ. ಅಥಣಿಯ ಕಾಲೇಜಿಗೆ ಹೊರಟು ನಿಂತಿದ್ದ ಫರಹತ ಅರ್ಜಿ ತೆಗೆದುಕೊಂಡು ತಾಯಿಗೆ ಓದಿ ಹೇಳುತ್ತಾಳೆ. "ಹದಿಮೂರು ವರ್ಷಗಳ ಹಿಂದೆ ಬೀದಿ ನಾಯಿಯೊಂದು ಕಚ್ಚಿ..."

"ನಿಲ್ಲ," ಎನ್ನುತ್ತಾರೆ ಮಮತಾಜ. "ಯಾವ ಬೀದಿದ ಧೂಳಪ್ಪಣ್ಣಾ ಅದು?"

ಧೂಳಪ್ಪನವರ ಮುಖ ಕಪ್ಪಿಡುತ್ತದೆ. ಕಾಯ್ದೆ ಕೇಳುವ ಅರ್ಜಿಯಲ್ಲೂ ಅವರ ಕೈ ಅದೇ ಸುಳ್ಳನ್ನು ಬರೆದಿದೆ. ಪೆನ್ನು ತೆಗೆದು 'ಬೀದಿ ನಾಯಿ' ಎಂಬುದನ್ನು ಹೊಡೆದುಹಾಕಿ, ಮೇಲೆ 'ನನ್ನ ನಾಯಿ ಮೋತಿ' ಎಂದು ಬರೆದು ಎರಡೂ ಕೈಯಲ್ಲಿ ಕೊಡುತ್ತಾರೆ. ಮಮತಾಜ ಸಹಿ ಹಾಕುತ್ತಾರೆ.

ಧೂಳಪ್ಪನವರನ್ನು ಮಾಫ್ ಮಾಡಿದಿರಾ ಎಂದು ಮಮತಾಜರನ್ನು ಕೇಳಿದರೆ ಅವರ ಉತ್ತರ ಖಡಕ್. "ಮಾಫಿ ಬ್ಯಾರೆ, ಕಾಯ್ದೆ ಬ್ಯಾರೆ. ಮೊದಲ ಕಾಯ್ದೆ ಆಗ್ಲಿ. ಇನ್ನೊಬ್ಬಾಕಿ ತಾಯಿ ಲೋಟಾ ಹಿಡಕೊಂಡ ಕುಂಡ್ರಬಾರದು."

ಹೊರಗೆ ಬಂದ ಧೂಳಪ್ಪ ಅರ್ಜಿಯನ್ನು ಮಡಚಿ ನೋಟಬುಕ್ಕಿನಲ್ಲಿ ಇಡುತ್ತಾರೆ. "ಸಭಾದಾಗ ಎಲ್ಲಾರ ಮುಂದ ನಾನ ಓದ್ತೇನ್ರಿ," ಎನ್ನುತ್ತಾರೆ. "ಕಾಯ್ದೆ ಆದ್ರ ಮೊದಲನೇ ಕೇಸ ನನ್ನ ಮ್ಯಾಲ ಹಾಕ್ರಿ ಅಂತ ಕೇಳ್ತೇನಿ. ಅಷ್ಟ ಹಳೇದು ನಡಿಯೂದಿಲ್ಲ ಅಂದ್ರ, ಮೋತಿ ಒಡೆಯಾ ಅಂತ ನನ್ನ ಹೆಸರರೆ ಬರ್ಕೋಳ್ರಿ ಅಂತೇನಿ."