ಕಡೆಯ ಹೊಲದಲ್ಲಿ ಶುರುವಾಗುವ ಗಡಿಯಾರ

ಬೆಳಗಿನ ಐದೂವರೆ. ಇಂಡಿ ತಾಲ್ಲೂಕಿನ ಝಳಕಿ ಬಳಿಯ ಕಾಲುವೆಯ ಮೇಲೆ ಶೇವಂತೆವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗೇಟಿನ ಚಕ್ರ ತಿರುಗಿಸುತ್ತಾರೆ. ನೀರು ನುಗ್ಗುತ್ತದೆ. ನಾನು ಶಿಸ್ತಾಗಿ ಹೊತ್ತು ಬರೆದುಕೊಳ್ಳಲು ಹೋದರೆ ತಡೆಯುತ್ತಾರೆ.

“ಈಗ ಬರೀಬ್ಯಾಡ್ರಿ. ನೀರು ಇನ್ನಾ ಯಾರ ಹೊಲಾನೂ ಮುಟ್ಟಿಲ್ಲ.”

ಐವತ್ತಾರರ ಶೇವಂತೆವ್ವ ಇಲ್ಲಿನ ನೀರು ಬಳಕೆದಾರರ ಸಂಘದ ಪರವಾಗಿ ಗೇಟು ನೋಡಿಕೊಳ್ಳುತ್ತಾರೆ. ನಾಲ್ಕು ಕಿಲೋಮೀಟರ್ ಕಾಲುವೆ, ಹದಿನೇಳು ಹೊಲ. ಸಂಘ ಹುಟ್ಟುವ ಮುಂಚೆ ಮೇಲಿನವರು ಕಲ್ಲು ಒಟ್ಟಿ ನೀರು ತಿರುಗಿಸಿಕೊಳ್ಳುತ್ತಿದ್ದರು. ಕಡೆಯವರಿಗೆ ಸಿಗುತ್ತಿದ್ದುದು ನೀರು ಬಿಟ್ಟಿದ್ದಾರೆಂಬ ಸುದ್ದಿ ಮಾತ್ರ. ಸಂಘ ಪಾಳಿಯನ್ನೇ ತಿರುವಿಹಾಕಿತು: ಕಡೆಯ ಹೊಲಕ್ಕೆ ಮೊದಲು, ಮೊದಲ ಹೊಲಕ್ಕೆ ಕಡೆಗೆ. ಆ ಮೊದಲ ಹೊಲ ಶೇವಂತೆವ್ವನದು. ಗೇಟಿನ ಕೀಲಿ ಅವರಿಗೆ ಬಂದದ್ದೂ ಅದಕ್ಕೇ.

“ಎಲ್ಲಾರ್ದೂ ಮುಗಿದ ಮ್ಯಾಲೆ ನಂದು ಪಾಳಿ ಬರೂದ್ರಿ. ಅವಸರ ಮಾಡಿ ನಾ ಎಲ್ಲಿ ಹೋಗ್ಲಿ?”

ಆದರೂ ಎಂಟು ವರ್ಷದ ಹಿಂದೆ, ಮೊದಲ ಪಾಳಿಯಲ್ಲೇ ಎಡವಿದರು. ಕಡೆಯ ಹೊಲದ ಶಾಹಿಸ್ತಾಗೆ ನಾಲ್ಕು ತಾಸು ನೀರು. ಶೇವಂತೆವ್ವ ಗೇಟು ಎತ್ತಿದ ಕ್ಷಣದಿಂದ ತಾಸು ಎಣಿಸಿದರು. ಒಣಗಿದ ಕಾಲುವೆ ನೆನೆದು ನೀರು ಅಲ್ಲಿಗೆ ಮುಟ್ಟಲು ಮೂರು ತಾಸು ಹಿಡಿದಿತ್ತು. ಶಾಹಿಸ್ತಾಗೆ ದಕ್ಕಿದ್ದು ಒಂದೇ ತಾಸು. ಆಕೆ ಜಗಳಾಡಲಿಲ್ಲ. ಸಂಘದ ಸಭೆಗೆ ಬಂದು ಹೊಲದ ಒಣ ಹೆಂಟೆಯೊಂದನ್ನು ಮೇಜಿನ ಮೇಲಿಟ್ಟು ಕೂತರು.

ಹೆಂಗಸಿನ ಕೈಗೆ ಕೀಲಿ ಕೊಟ್ಟರೆ ಇಷ್ಟೇ ಎಂದು ಕೆಲವರು ಗೊಣಗಿದರು. ಶೇವಂತೆವ್ವ ಎದ್ದು ನಿಂತು, “ತಪ್ಪು ನಂದ. ನನ್ನ ಪಾಳಿ ಆಕಿಗೆ ಕೊಡ್ರಿ. ಇನ್ನ ಮುಂದ ನೀರು ಮುಟ್ಟಿದ ಮ್ಯಾಲೆ ತಾಸು ಎಣಸೂದಂತ ಠರಾವ್ ಬರೀರಿ” ಎಂದರು. ಸಭೆ ಹಾಗೆಯೇ ನಿರ್ಣಯ ಬರೆಯಿತು. ಕೀಲಿ ಕೇಳುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ.

ಇಂದು ಹಂಗಾಮಿನ ಕೊನೆಯ ಪಾಳಿ. ಶಾಹಿಸ್ತಾರ ಹೊಲದ ಕಡಲೆ ಗಿಡ ಕಾಯಿ ಕಟ್ಟುತ್ತಿದೆ. ಈ ನೀರು ತಪ್ಪಿದರೆ ಕಾಳು ಜೊಳ್ಳು. ಶೇವಂತೆವ್ವ ದಂಡೆಗುಂಟ ನಡೆಯುತ್ತ ಪ್ರತಿ ಹೊಲದ ತೂಬನ್ನೂ ಬಗ್ಗಿ ನೋಡುತ್ತಾರೆ. ಒಂದರ ತಗಡು ಗೇಣುದ್ದ ಎದ್ದಿದೆ. ಕಾಲಿಂದ ಒತ್ತಿ ಇಳಿಸಿ ಮುಂದೆ ಹೊರಡುತ್ತಾರೆ. ಯಾರ ಕೆಲಸವೆಂದು ವಿಚಾರಿಸುವುದಿಲ್ಲವೇ?

“ಕೇಳಿದ್ರ ಪಾಪ, ಅವರು ಸುಳ್ಳು ಹೇಳಬೇಕಾಗ್ತೈತ್ರಿ.”

ನಾನು ಜೋರಾಗಿ ನಕ್ಕೆ. ಹೊಟ್ಟೆಕಿಚ್ಚೂ ಆಯಿತು, ಇಷ್ಟು ನಿರಾಳವಾಗಿ ಅಧಿಕಾರ ನಡೆಸುವವರನ್ನು ನಾನು ಕಂಡಿದ್ದು ಕಡಿಮೆ.

ಬೇವಿನ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ. ಅರ್ಧ ನನ್ನ ಕೈಗೆ. ಮುಂದಿನ ತಿಂಗಳು ಸಂಘದ ಚುನಾವಣೆ. ಹೊಸಬರು ಗೆದ್ದರೆ ಗೇಟು ಬೇರೆಯವರ ಪಾಲಾಗಬಹುದು. ಬೇಸರವಿಲ್ಲವೇ ಎಂದು ಕೇಳುತ್ತೇನೆ. ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ.

“ಶೇವಂತಕ್ಕಾ, ನೀರು ಬಂತು” ಎನ್ನುತ್ತಾರೆ ಆ ಕಡೆಯಿಂದ ಶಾಹಿಸ್ತಾ.

ಎಂಟೂ ಮೂವತ್ತೈದು. ಶೇವಂತೆವ್ವನ ಮುಖ ಅರಳುತ್ತದೆ. ರೊಟ್ಟಿ ಮುರಿಯುತ್ತ ನನ್ನ ಪ್ರಶ್ನೆಗೆ ಉತ್ತರಿಸುತ್ತಾರೆ:

“ಕೀಲಿ ಯಾರ ಕೈಗರ ಹೋಗ್ಲಿ. ಆ ಠರಾವ್ ಒಂದು ಅಳಸಬಾರ್ದು ನೋಡ್ರಿ. ಹೂಂ, ಈಗ ಬರ್ಕೋರಿ ಟೈಮು.”