ಬಾವಿ ಮನೆಯ ನಾಲ್ಕನೆಯ ಸೀಸನ್

ಕಮಲಕ್ಕ, ನಿಮ್ಮ ತಂಗಿ ವಾಸಂತಿ ಜೂನ್ ತಿಂಗಳಲ್ಲಿ ಧಾರವಾಡಕ್ಕೆ ಬರಬಹುದಿತ್ತು. ಬರದಂತೆ ಮಾಡಿದ್ದು ನಾನು.

ಕಾಯಿಲೆಯಲ್ಲ, ಡಾಕ್ಟರಲ್ಲ, ಅವಳ ಗಂಡ ಮೋಹನನೂ ಅಲ್ಲ. ನಾನು — ಒಂದು ವಾಕ್ಯದಿಂದ. ಆ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದನ್ನೇ ಇಷ್ಟು ದಿನ ಹಿಡಿದುಕೊಂಡು ಕೂತಿದ್ದೆ.

ಅವಳು ತೀರಿಹೋದ ಮೇಲೆ ಇಲ್ಲಿ ಅಮೆರಿಕದ ನಮ್ಮ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ನಾನೊಂದು ನೆನಪಿನ ಲೇಖನ ಬರೆದೆ. ಮೋಹನ ನಿಮಗೆ ಕಳಿಸಿದ. ನೀವು ಫೋನಿನಲ್ಲಿ ‘ಭಾಳ ಛಲೋ ಬರದೀರಿ, ಇದ್ದದ್ದು ಇದ್ಧಂಗ’ ಎಂದಿರಿ. ಇದ್ದದ್ದು ಇದ್ದಂತೆ ಇರಲಿಲ್ಲ. ನಾನು ಕೆಲಸ ಕಲಿತದ್ದು ಮೈಸೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ. ತಪ್ಪು ಅಚ್ಚಾದರೆ ಅದೇ ಪುಟದಲ್ಲಿ ತಿದ್ದುಪಡಿ ಹಾಕಬೇಕು — ತಪ್ಪು ಯಾವುದು, ಸರಿ ಯಾವುದು, ಅಷ್ಟೇ. ಹೇಗಾಯಿತು ಎಂಬ ಸಬೂಬು ಬೇಡ. ಈ ವರ್ಷದ ಸಂಚಿಕೆಗೆ ಇದನ್ನು ಕೊಡುತ್ತಿದ್ದೇನೆ. ಅಚ್ಚಾಗುವ ಮೊದಲು ನಿಮಗೆ ಓದಿ ಹೇಳುತ್ತೇನೆ.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯಬೇಕಾಗುತ್ತದೆ. ಓದುವವರು ಬೇರೆಯವರೂ ಇದ್ದಾರೆ.

ನಾನಿರುವುದು ಫೋರ್ಟ್ ಲೀ ಎಂಬ ಊರಿನಲ್ಲಿ, ನದಿ ದಾಟುವ ಸೇತುವೆಯ ಪಕ್ಕದ ಎತ್ತರದ ಕಟ್ಟಡವೊಂದರಲ್ಲಿ, ಒಬ್ಬಳೇ. ಮ್ಯಾನ್‌ಹಟನ್‌ನಲ್ಲಿ ಕೆಲಸ; ಟಿವಿ ಧಾರಾವಾಹಿಗಳ ಸುದ್ದಿ ಬರೆಯುತ್ತೇನೆ — ಯಾವುದು ಮುಂದುವರಿಯುತ್ತದೆ, ಯಾವುದು ನಿಂತಿತು, ಯಾವಾಗ ಬರುತ್ತದೆ. ಭಾನುವಾರ ಮಧ್ಯಾಹ್ನ ಈಸ್ಟ್ ಬ್ರನ್ಸ್‌ವಿಕ್‌ಗೆ ಡ್ರೈವ್ ಮಾಡಿಕೊಂಡು ವಾಸಂತಿಯ ಮನೆಗೆ ಹೋಗುತ್ತಿದ್ದೆ. ಈ ದೇಶದಲ್ಲಿ ನಾನು ಬೆಲ್ ಮಾಡದೆ ಒಳಗೆ ಹೋಗಿ ಚಪ್ಪಲಿ ಬಿಡುತ್ತಿದ್ದ ಮನೆ ಅದೊಂದೇ.

ಅವಳಿಗೆ ದೆವ್ವದ ಧಾರಾವಾಹಿಗಳ ಹುಚ್ಚು. ನೀವೇ ಹಿಡಿಸಿದ್ದಂತೆ. ಚಿಕ್ಕವಳಿದ್ದಾಗ ಮಾಳಿಗೆಯ ಮೇಲೆ ಕೂರಿಸಿಕೊಂಡು ಅವಳು ಅಳುವವರೆಗೂ ಕತೆ ಹೇಳುತ್ತಿದ್ದಿರಂತೆ, ಅತ್ತ ಮೇಲೆ ಬೆಲ್ಲ ಕೊಡುತ್ತಿದ್ದಿರಂತೆ. ಇಲ್ಲಿ ಬೇಸ್‌ಮೆಂಟಿನ ಪುಟ್ಟ ಕಿಟಕಿಗೆ ಕಂಬಳಿ ಕಟ್ಟಿ, ಹಾಡುಹಗಲಲ್ಲಿ ಕತ್ತಲೆ ಮಾಡಿಕೊಂಡು ನಾವಿಬ್ಬರೂ ನೋಡುತ್ತಿದ್ದೆವು. ಮೋಹನನಿಗೆ ಹೆದರಿಕೆ, ಮೇಲೆ ಅಡುಗೆಮನೆಯಲ್ಲಿ ಮಂಡಕ್ಕಿಯ ಗಿರ್ಮಿಟ್ ಕಲಸುತ್ತ ಮೆಟ್ಟಿಲಿನಿಂದ ಕೂಗುತ್ತಿದ್ದ. “ಏನ್ರೀ ಮೇಡಂ, ಇವತ್ತು ಎಷ್ಟು ಹೆಣ? ಅಷ್ಟು ಪ್ಲೇಟ್ ಮಾಡ್ತೀನಿ.”

“ನೀವು ಮ್ಯಾಲೇ ಇರ್ರಿ, ನಿಮ್ಮನ್ನ ನೋಡಿ ದೆವ್ವ ಅಂಜಿ ಓಡಿ ಹೋಗ್ತದ” ಎನ್ನುತ್ತಿದ್ದಳು ಇವಳು.

ಎಲ್ಲಕ್ಕಿಂತ ಅವಳಿಗೆ ಇಷ್ಟವಾದದ್ದು ನಾವು ‘ಬಾವಿ ಮನೆ’ ಎಂದು ಕರೆಯುತ್ತಿದ್ದ ಧಾರಾವಾಹಿ. ಅಸಲು ಹೆಸರು ಇಲ್ಲಿ ಬೇಡ. ಹಳೆಯ ಮನೆ, ಹಿತ್ತಿಲಲ್ಲಿ ಮುಚ್ಚಿದ ಬಾವಿ, ಅದರೊಳಗಿಂದ ಮನೆಯವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುವ ಒಂದು ದನಿ. ಪ್ರತಿ ವಾರ ನೋಡಿದ್ದನ್ನು ಅವಳು ಅದೇ ಸಂಜೆ ನಿಮಗೆ ಫೋನಿನಲ್ಲಿ ಹೇಳುತ್ತಿದ್ದಳು. ಅಲ್ಲಿ ನಿಮಗೆ ಸೋಮವಾರದ ಬೆಳಗಿನ ಚಹಾ. ಮೂರು ಸೀಸನ್ ಹೀಗೆ ನೀವಿಬ್ಬರೂ ನೋಡಿದಿರಿ — ಅವಳು ಕಣ್ಣಿನಿಂದ, ನೀವು ಕಿವಿಯಿಂದ.

ಮೂರನೆಯದು ನಿಂತದ್ದು ಎಲ್ಲಿ ಎಂದು ನಿಮಗೆ ನೆನಪಿದೆ. ಬಾವಿಗಿಳಿದು ಕಾಣೆಯಾಗಿದ್ದ ಅಕ್ಕ ಕೆಳಗಿನಿಂದ ಕರೆಯುತ್ತಾಳೆ. ಅದು ಅಕ್ಕನೋ, ಅಕ್ಕನ ದನಿ ಕದ್ದ ಬೇರೇನೋ ಗೊತ್ತಿಲ್ಲ. ತಂಗಿ ಹಗ್ಗದ ಮೇಲೆ ಕೈ ಇಡುತ್ತಾಳೆ. ಅಲ್ಲಿಗೆ ಮುಗಿಯಿತು.

ಆಮೇಲೆ ಕಾಯುವುದು. ಕಾಯುವುದೂ ಅವಳಿಗೊಂದು ಕೆಲಸವೇ ಆಗಿತ್ತು. ಹಳೆಯ ಕಂತುಗಳನ್ನು ಮತ್ತೆ ನೋಡಿದೆವು. ನಾಲ್ಕನೆಯ ಸೀಸನ್ ಅಕ್ಟೋಬರ್‌ನಲ್ಲಿ ಎಂದು ಪ್ರಕಟಣೆ ಬಂದಾಗ ಸುದ್ದಿ ಬರೆದವಳು ನಾನೇ. ಜೊತೆಗೆ ಒಂದೇ ಒಂದು ಚಿತ್ರ ಬಿಟ್ಟಿದ್ದರು — ಬಾವಿಯ ಕಟ್ಟೆ, ಒದ್ದೆ ಹಗ್ಗ. ಅವಳು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿ ಆಫೀಸಿಗೆ ಮೆಸೇಜ್ ಕಳಿಸಿದಳು: “ಹಗ್ಗ ಹೊಸಾದು ನೋಡು. ಯಾರೋ ಬದಲಿ ಮಾಡ್ಯಾರ. ಯಾರು?” ದಿನವೂ ಅದೇ. “ಏನರ ಸುದ್ದಿ?” ಇಲ್ಲ ಎಂದರೆ, “ಎಂಥಾ ರಿಪೋರ್ಟರ್‌ಬಾಯಿ ನೀ!” ಅಷ್ಟು ಹೊತ್ತಿಗೆ ಅವಳ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಗಿ, ಕೀಮೋದ ಮೊದಲ ಸುತ್ತು ನಡೆಯುತ್ತಿತ್ತು. ಕೂದಲು ಹೋದ ತಲೆಗೆ ಮಫ್ಲರ್ ಸುತ್ತಿಕೊಂಡು ಬೇಸ್‌ಮೆಂಟಿಗೆ ಇಳಿಯುತ್ತಿದ್ದಳು. “ಈಗ ನಾನ ಒಂದು ದೆವ್ವ. ಟಿಕೀಟ್ ಇಲ್ಲದ ನೋಡು.”

ಮೇ ತಿಂಗಳ ಕೊನೆ. ಮೊದಲ ಸುತ್ತು ಮುಗಿದಿತ್ತು. ಊರಿಗೆ ಹೋಗುವುದಾದರೆ ಈಗ ಹೋಗಿಬರಬಹುದು ಎಂದು ಡಾಕ್ಟರ್ ಹೇಳಿದ್ದರು. ಅಥವಾ ಎರಡನೆಯ ಸುತ್ತು ಮುಗಿಸಿ ನವೆಂಬರ್‌ನಲ್ಲಿ — ಆದರೆ ಆಗ ಮೈ ಹೇಗಿರುತ್ತದೋ ಹೇಳಲಾರೆ ಎಂದೂ ಹೇಳಿದ್ದರು. ನಿಮಗೆ ಹೃದಯದ ತೊಂದರೆ, ಇಷ್ಟು ದೂರದ ವಿಮಾನ ಹತ್ತುವಂತಿರಲಿಲ್ಲ. ಬಂದರೆ ಅವಳೇ ಬರಬೇಕಿತ್ತು.

ಅದೇ ವಾರ, ಬಸ್ಸಿಗೆ ಕಾಯುತ್ತ ನಿಂತಿದ್ದಾಗ ನನಗೊಂದು ಫೋನ್ ಬಂತು. ಬಾವಿ ಮನೆಯ ಸೆಟ್ಟಿನಲ್ಲಿ ಕೆಲಸ ಮಾಡುತ್ತಿದ್ದ, ನನಗೆ ಹಳೆಯ ಪರಿಚಯದ ಒಬ್ಬರು. ಎಲ್ಲೂ ಬರೆಯಕೂಡದು ಎಂಬ ಮಾತು ತೆಗೆದುಕೊಂಡು ಹೇಳಿದರು: ನಾಲ್ಕನೆಯ ಸೀಸನ್ ಇಲ್ಲ. ದುಡ್ಡು ಹಾಕುವವರು ಕೈಬಿಟ್ಟಿದ್ದಾರೆ. ಪ್ರಕಟಣೆಗೆ ಇನ್ನೂ ಕೆಲವು ತಿಂಗಳು. ರಾಬಿನ್ಸ್‌ವಿಲ್ ಕಡೆಯ ಗೋದಾಮಿನಲ್ಲಿ ಇಟ್ಟಿದ್ದ ಬಾವಿಯನ್ನು ಒಡೆದು ಕಸಕ್ಕೆ ಹಾಕಿದ್ದನ್ನು ಅವರು ಕಣ್ಣಾರೆ ನೋಡಿದ್ದರು. ಪ್ಲೈವುಡ್ಡು, ಬಣ್ಣ ಬಳಿದ ಸ್ಪಂಜು. ನನಗೆ ಅನುಮಾನ ಉಳಿಯಲಿಲ್ಲ.

ಭಾನುವಾರ ಹಿತ್ತಿಲ ಡೆಕ್ಕಿನ ಮೇಲೆ ಬಿಸಿಲಿಗೆ ಕೂತಿದ್ದಳು. ನಾನು ಕೂರುವುದಕ್ಕೂ ಬಿಡಲಿಲ್ಲ.

“ಶಾರದಾ, ಖರೇ ಹೇಳು. ಅಕ್ಟೋಬರ್‌ಕ್ಕ ಬರ್ತದೋ ಇಲ್ಲೋ? ಬರೂದಿತ್ತಂದ್ರ ಇಲ್ಲೇ ಇದ್ದು, ಔಷಧ ಮುಗಿಸಿ, ಪೂರ್ತಿ ಕತಿ ತಗೊಂಡು ನವೆಂಬರ್‌ದಾಗ ಅಕ್ಕನ ಹಂತ್ಯಾಕ ಹೋಗ್ತೀನಿ. ಬರೂದಿಲ್ಲಂದ್ರ ಈಗ ಹೊಂಟೆ. ಬರೀಗೈಲೆ ಹೋದ್ರೂ ನಡೀತದ.”

ನಾನು ಹೇಳಿದೆ: “ಅಫಿಷಿಯಲ್ ಆಗಿ ಅಕ್ಟೋಬರ್ ಅಂತಲೇ ಇದೆ ಕಣೇ. ಏನೂ ಚೇಂಜ್ ಅನೌನ್ಸ್ ಮಾಡಿಲ್ಲ.”

ಇದೇ ಆ ವಾಕ್ಯ. ಯಾವ ಸಂಪಾದಕನೂ ಇದರಲ್ಲಿ ತಪ್ಪು ಹುಡುಕಲಾರ. ‘ಅಫಿಷಿಯಲ್ ಆಗಿ’ ಎಂಬ ಪದವನ್ನು ಮುಂದಿಟ್ಟು ಅದರ ಹಿಂದೆ ನಿಂತುಕೊಂಡೆ — ಕೋರ್ಟಿಗೆ ಹೋದರೂ ಗೆಲ್ಲುವ ಹಾಗೆ. ವಾಸಂತಿ ಪತ್ರಿಕೆಯ ಡೆಸ್ಕಿನಲ್ಲಿ ಕೂತವಳಲ್ಲ. ಅವಳು ನನ್ನ ಮುಖ ನೋಡಿದಳು, ನಕ್ಕಳು, ಒಳಗೆ ಮುಖ ಮಾಡಿ ಕೂಗಿದಳು: “ಏನ್ರೀ, ಅಕ್ಟೋಬರ್ ಅಂತ! ಶಾರದಾ ಹೇಳಿದ್ಲು! ಟಿಕೀಟ್ ನವೆಂಬರ್‌ಕ್ಕ ನೋಡ್ರಿ!”

ಆಗಲೂ ಹೇಳಬಹುದಿತ್ತು — ಗಿರ್ಮಿಟ್ ಬಂತು, ತಿಂದೆ.

ಕೊಟ್ಟ ಮಾತು ಮೀರಬಾರದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಾನು ಕೊಟ್ಟದ್ದು ಬರೆಯುವುದಿಲ್ಲ ಎಂಬ ಮಾತು. ಕಾಯಿಲೆಯ ಗೆಳತಿಯ ಕಿವಿಯಲ್ಲಿ ‘ಹೋಗಿ ಬಾ’ ಎಂದರೆ ಅದು ಮುರಿಯುತ್ತಿರಲಿಲ್ಲ. ಒಂದೇ ಮೂಲದ ಸುದ್ದಿ, ಇನ್ನೊಬ್ಬರಿಂದ ಖಚಿತವಾಗಬೇಕು ಎಂದೂ ಹೇಳಿಕೊಂಡೆ. ಖಚಿತ ಮಾಡಿಕೊಳ್ಳಲು ಒಂದು ಫೋನೂ ಮಾಡಲಿಲ್ಲ. ಇವೆರಡೂ ಆಮೇಲೆ ಹುಡುಕಿದ ಕಾರಣಗಳು. ನಿಜವಾದದ್ದು ಇಷ್ಟು: ಅವಳು ಜೂನ್‌ನಲ್ಲಿ ಹೋದರೆ ವಾಪಸ್ ಬರುವುದಿಲ್ಲ ಎಂದು ನನಗೆ ಅನ್ನಿಸಿತ್ತು. ನಿಮ್ಮ ಹತ್ತಿರವೇ ಉಳಿದುಬಿಡುತ್ತಾಳೆ. ನನ್ನ ಭಾನುವಾರಗಳು — ಹೌದು, ಭಾನುವಾರಗಳಿಗೋಸ್ಕರ. ನಿಮಗೆ ಸಿಗಬೇಕಾದ ತಂಗಿಯನ್ನು ನನಗೆ ಇಟ್ಟುಕೊಂಡೆ.

ಜುಲೈ ಕೊನೆಗೆ ಎರಡನೆಯ ಸುತ್ತು ಅವಳನ್ನು ಮಲಗಿಸಿತು. ವಿಮಾನದ ಮಾತು ಅಲ್ಲಿಗೆ ಮುಗಿಯಿತು. ಆಗಸ್ಟ್‌ನಲ್ಲಿ ಧಾರಾವಾಹಿ ನಿಂತಿತೆಂಬ ಪ್ರಕಟಣೆ ಬಂತು; ಅದನ್ನೂ ಬರೆದವಳು ನಾನೇ. ಆಫೀಸಿನಿಂದ ನೇರ ಆಸ್ಪತ್ರೆಗೆ ಹೋದೆ. ಫೋನಿನಲ್ಲಿ ನನ್ನ ಸುದ್ದಿಯನ್ನು ಓದಿ ಮುಗಿಸಿದ್ದಳು. ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳುತ್ತಾಳೆ ಎಂದುಕೊಂಡೆ — ಕೇಳಿದರೆ ಹೇಳಿಬಿಡುತ್ತೇನೆ ಎಂದು ಲಿಫ್ಟಿನಲ್ಲಿ ತೀರ್ಮಾನ ಮಾಡಿಕೊಂಡಿದ್ದೆ. ಅವಳು ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡು ಹೇಳಿದಳು:

“ಪಾಪ, ನಿನಗೂ ಹೇಳಲಾರ್ದ ಮಾಡ್ಯಾರ ನೋಡು.”

ನಾನು ಹೌದೆಂದು ತಲೆ ಆಡಿಸಿದೆ.

ಮೊದಲನೆಯದನ್ನು ಜಾಣತನ ಎನ್ನಬಹುದು. ಇದಕ್ಕೆ ಹೆಸರು ಹುಡುಕಬೇಕಾಗಿಲ್ಲ.

ಸ್ವಲ್ಪ ಹೊತ್ತಿನ ಮೇಲೆ, “ಅಕ್ಕಗ ಏನ್ ಹೇಳಲಿ? ನಾಕನೇದು ಬರ್ತದ ಅಂತ ಆಸೆ ಹಚ್ಚಿ ಕುಂದ್ರಿಸೀನಿ” ಎಂದಳು. ಆಮೇಲಿನದು ನಿಮಗೆ ಗೊತ್ತಿದೆ, ಗೊತ್ತಿಲ್ಲ. ಆ ಭಾನುವಾರ ಮೋಹನನಿಂದ ಫೋನ್ ಹಚ್ಚಿಸಿಕೊಂಡು, “ಅಕ್ಕಾ, ಅಕ್ಟೋಬರ್ ಅಂದಿದ್ರು, ಲಗೂನ ಬಿಟ್ಟಾರ ನೋಡು ಈ ಸಲ” ಎಂದು ಶುರು ಮಾಡಿದಳು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಅವಳ ಕತೆಯಲ್ಲಿ ತಂಗಿ ಬಾವಿಗೆ ಇಳಿಯುವುದಿಲ್ಲ. ಹಗ್ಗ ಜಗ್ಗುತ್ತಾಳೆ. ಪ್ರತಿ ವಾರ ಕೊಡದಲ್ಲಿ ಏನೋ ಒಂದು ಬರುತ್ತದೆ — ಒಂದು ವಾರ ಹಲ್ಲು ಮುರಿದ ಬಾಚಣಿಗೆ, ಒಂದು ವಾರ ಶಾಲೆಯಲ್ಲಿ ಬರೆಯುವ ಪಾಟಿ, ಒಂದು ವಾರ ಬೆಳ್ಳಿಯ ಒಂಟಿ ಗೆಜ್ಜೆ. ದಣಿದು ಮಾತು ನಿಂತಾಗ ನೀವು ಆ ಕಡೆಯಿಂದ “ಮುಂದೇನಾತು? ಹೇಳವಾ” ಎನ್ನುವುದು ನನಗೂ ಕೇಳುತ್ತಿತ್ತು. “ಮುಂದಿನ ವಾರ” ಎನ್ನುತ್ತಿದ್ದಳು. ಗೆಜ್ಜೆ ಬಂದ ವಾರವೇ ಕೊನೆಯದು.

ಅವಳು ಹೋದ ಮೇಲೆ ಒಮ್ಮೆ ನೀವು ನನಗೆ ನಗುತ್ತ ಹೇಳಿದಿರಿ: “ನಾ ಸಣ್ಣಾಕಿದ್ದಾಗ ನಂದೂ ಒಂದು ಗೆಜ್ಜಿ ಬಾವ್ಯಾಗ ಬಿದ್ದು ಹೋಗಿತ್ರಿ. ಆ ಅಮೇರಿಕಾದವರಿಗೆ ಹೆಂಗ ಗೊತ್ತಾತು?” ನಕ್ಕು ಮುಗಿಸಿ ಕೇಳಿದಿರಿ: “ಶಾರದಾಬಾಯಿ, ನೀವು ನೋಡಿರಬೇಕಲ್ಲ. ಮುಂದೇನಾತು?”

“ಇನ್ನೂ ನೋಡಿಲ್ಲ ಅಕ್ಕ. ನೋಡಿ ಹೇಳ್ತೀನಿ” ಎಂದೆ.

ಆಮೇಲೆ ಪ್ರತಿ ಸಲ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಕೊನೆಗೆ ನಿಮ್ಮ ಹೆಸರು ಫೋನಿನಲ್ಲಿ ಕಂಡರೆ ಎತ್ತುವುದನ್ನೇ ಬಿಟ್ಟೆ. ಒಂದು ಸಂದೇಶ ಬಿಟ್ಟಿದ್ದಿರಿ — “ಕೆಲಸದಾಗ ಇರ್ತೀರಿ, ಇರ್ಲಿ ಬಿಡ್ರಿ. ಕತಿ ಎಲ್ಲೂ ಓಡಿ ಹೋಗೂದಿಲ್ಲ.”

ಈಗ ತಿದ್ದುಪಡಿ. ಹಿಂದಿನ ಲೇಖನದಲ್ಲಿ ನಾನು ‘ಕಾಯಿಲೆ ಅವಳಿಗೆ ಊರಿಗೆ ಹೋಗಲು ಬಿಡಲಿಲ್ಲ’ ಎಂದು ಬರೆದಿದ್ದೆ. ತಪ್ಪು. ಕಾಯಿಲೆ ಬಿಟ್ಟಿತ್ತು, ಜೂನ್‌ನಲ್ಲಿ. ‘ಬಾವಿ ಮನೆಯ ಸುದ್ದಿ ಏನೇ ಬಂದರೂ ನಮ್ಮಿಬ್ಬರಿಗೂ ಒಂದೇ ದಿನ ಗೊತ್ತಾಗುತ್ತಿತ್ತು’ ಎಂದೂ ಬರೆದಿದ್ದೆ. ತಪ್ಪು. ಅದು ನಿಂತದ್ದು ನನಗೆ ಮೇ ತಿಂಗಳಲ್ಲೇ ಗೊತ್ತಿತ್ತು. ನಾಲ್ಕನೆಯ ಸೀಸನ್ ಎಂಬುದು ಎಲ್ಲೂ ಇಲ್ಲ, ಕಮಲಕ್ಕ. ಬಾಚಣಿಗೆ, ಪಾಟಿ, ಗೆಜ್ಜೆ ಯಾವ ಅಮೆರಿಕದವರಿಗೂ ಗೊತ್ತಿರಲಿಲ್ಲ. ಅವು ಆಸ್ಪತ್ರೆಯ ಮಂಚದ ಮೇಲಿಂದ ನಿಮ್ಮ ತಂಗಿ ನಿಮಗೋಸ್ಕರ ಸೇದಿದವು. ನಿಮ್ಮ ಎದುರು ಕೂತು ಹೇಳಬೇಕಾಗಿದ್ದವು.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ನಿಮ್ಮ ದನಿ ಕೇಳಿದ್ದೇನೆ, ನನಗೆ ಗೊತ್ತು.

ಈ ಭಾನುವಾರ ಸಂಜೆ, ಅಲ್ಲಿ ನಿಮ್ಮ ಚಹಾದ ಹೊತ್ತಿಗೆ, ನಾನೇ ಫೋನ್ ಮಾಡುತ್ತೇನೆ. ಎತ್ತಿದ ಕೂಡಲೇ ನೀವು ಕೇಳುತ್ತೀರಿ, ಮುಂದೇನಾತು ಎಂದು. ನೋಡಿ ಹೇಳುತ್ತೇನೆ ಎನ್ನುವುದಿಲ್ಲ. ಮೇಲಿನ ಮೊದಲ ಸಾಲಿನಿಂದ ಓದಲು ಶುರು ಮಾಡುತ್ತೇನೆ.